ಹದಿನೈದನೇ ಸುತ್ತು

ಚೀಟಿ ಎತ್ತಿದೆ: ಎಂಟು.
ಹಾರ್ಲಿಕ್ಸ್ ಬಾಟಲಿಯ ತಳಕ್ಕೆ ಅಂಟಿಕೊಂಡಿದ್ದ ಕೊನೆಯದು.
ಇನಾಯತ್ ನಕ್ಕ. ಸಿರಿಲ್ ‘ಪಾಪ’ ಅಂದ.
ಪಾಪ ಅಂದವರಿಗೆ ಲೆಕ್ಕ ಬರೋದಿಲ್ಲ.
ಇಲ್ಲಿ ಸರದಿ ಹಾವಿನ ಹಾಗೆ, ಬಾಲದ ತನಕ ಬಂದು ಹೊರಳುತ್ತೆ,
ಕೊನೆಯವಳಿಗೆ ಒಟ್ಟಿಗೆ ಎರಡು.
ಆಮೇಲೆ ಹದಿನಾಲ್ಕು ಹೆಸರು ಹೋಗುವ ತನಕ
ಬಾಯಿಗೆ ಬೀಗ.

ಮಂಡಿ ಮೊಹಲ್ಲಾ, ಊದುಬತ್ತಿ ಹೊಸೆಯುವ ಶೆಡ್ಡಿನ ಹಿಂದಿನ ಕೋಣೆ,
ಆಗಸ್ಟಿನ ಭಾನುವಾರ.
ಚಹಾ ಕುಡಿದರೂ ನಾಲಗೆಗೆ ಗಂಧ.
ಎಂಟು ಜನ, ಒಂದು ಖಾತೆ ಪುಸ್ತಕ.
ಕಂಡಿರದ ಊರಿನ ಹುಡುಗರನ್ನು
ಇವತ್ತು ಹಂಚಿಕೊಂಡರೆ ಮೇ ತಿಂಗಳವರೆಗೆ
ಅವರ ಮಂಡಿನೋವು ನಮ್ಮದು.

ಮೊದಲ ಹೆಸರಿಗೇ ಸಿರಿಲ್ ಎಡವಿದ.
ಅವನ ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕೇಳುತ್ತಿದ್ದ ತಂಡ,
ಆ ತಂಡದ ಮೂವತ್ತನಾಲ್ಕು ವರ್ಷದ ನಾಯಕನೇ ಬೇಕು.
ಪ್ರೀತಿ ತಪ್ಪಲ್ಲ. ಮೊದಲ ಸುತ್ತಿನಲ್ಲಿ ದುಬಾರಿ, ಅಷ್ಟೆ.
ಐದನೇ ಸುತ್ತಿಗೂ ಆತ ಅಲ್ಲೇ ಇರುತ್ತಿದ್ದ,
ಯಾರೂ ಮುಟ್ಟದೆ.

ನನಗೆ ಇದನ್ನು ಕಲಿಸಿದ್ದು ದೇವರಾಜ ಮಾರುಕಟ್ಟೆ.
ಸಂಜೆ ಏಳರ ಮೇಲೆ ಕರೆದುಕೊಂಡು ಹೋಗಿ ಸೋದರತ್ತೆ ಹೇಳೋರು:
ಚಿಗುರೆಲೆ ನಾಲ್ಕೇ ಕವಳಿಗೆ ಉಳಿದಿದ್ರೆ ಮೊದ್ಲು ಅಲ್ಲಿಗೆ ಓಡು,
ಈರುಳ್ಳಿ ರಾತ್ರಿ ಎಂಟಕ್ಕೂ ಗುಡ್ಡೆ ಗುಡ್ಡೆ.
ಗೋಲು ಹೊಡೆಯುವವರು ನಾಲ್ಕೈದು ಮಂದಿ,
ನಡುವೆ ಓಡಾಡುವವರೆಲ್ಲ ಈರುಳ್ಳಿ.
ಎಂಟು, ಒಂಬತ್ತು: ಎರಡೂ ಎಲೆಯೇ ಎತ್ತಿದೆ.

ಆಮೇಲೆ ಬೀಗ.
ದಾಕ್ಷಾಯಿಣಿ ಮೇಡಂ ಮೂರು ಬಣ್ಣದ ಪಟ್ಟಿ ತಂದಿದ್ದಾರೆ,
ಗುರುತು ಹಾಕಿದ್ದವನು ಕೈತಪ್ಪಿದಾಗಲೆಲ್ಲ
ಮೂಗಿನಲ್ಲಿ ಉಸಿರು ಬಿಡುತ್ತಾರೆ.
ಆ ಉಸಿರನ್ನೇ ನಾನು ಬರೆದುಕೊಳ್ಳುತ್ತೇನೆ.
ಕಾಂತರಾಜೇ ಅರಸರಿಗೆ ಪಟ್ಟಿಯೇ ಇಲ್ಲ,
ಇಬ್ಬರು ಬ್ಯಾಕ್ ಹಿಡಿದರೆ ತಾವೂ ಬ್ಯಾಕ್.
ಒಬ್ಬ ಕೆಮ್ಮಿದರೆ ಸಾಲಿಗೆಲ್ಲ ನೆಗಡಿ.

ಹನ್ನೆರಡರಲ್ಲಿ, ಮೊಣಕಾಲಿಗೆ ಪಟ್ಟಿ ಸುತ್ತಿದವನನ್ನು ಕೇಳಿದೆ.
‘ಅವ್ನು ನಡೀತಾನೇ ಇಲ್ವಲ್ಲೇ!’
ದಸರಾ ಕಳೀಲಿ. ಕ್ರಿಸ್‌ಮಸ್‌ಗೆ ಓಡ್ತಾನೆ.
ಹನ್ನೆರಡನೇ ಸುತ್ತಲ್ಲಿ ಕಾಯೋದಕ್ಕೆ ಕಾಸಿಲ್ಲ.

ಗೋಲ್‌ಕೀಪರ್ ಕೊನೆಗೆ.
ಖಾತೆ ಪುಸ್ತಕದ ಮೊದಲ ಪುಟದಲ್ಲೇ ಇದೆ,
ಕೆಂಪು ಇಂಕು, ಕೆಳಗೆ ಎರಡು ಗೆರೆ.
ನಿಯಮ ಸರಿಯಾಗಿದೆ. ನಾನೂ ಪಾಲಿಸುತ್ತೇನೆ.
ಯಾರಾದರೂ ಜೋರಾಗಿ ಓದಿದರೆ ಮಾತ್ರ
ಎಡಗೈ ಕಿರುಬೆರಳು ಜುಮ್ಮೆನ್ನುತ್ತೆ,
ಮಹಾರಾಣಿ ಕಾಲೇಜಿನ ದಿನಗಳಲ್ಲಿ ಮುರಿದು
ನೆಟ್ಟಗಾಗದೆ ಉಳಿದದ್ದು.
ಹತ್ತು ಹೆಸರು ಕೂಗೋರು. ಉಳಿದವಳು ಗೋಲ್‌ಗೆ.
ಹನ್ನೊಂದನೆಯದನ್ನು ಕೂಗಬೇಕಾಗಿಯೇ ಇರಲಿಲ್ಲ.

ದೊಡ್ಡ ತಂಡದ ಕೀಪರುಗಳೆಲ್ಲ ಹೋದರು,
ತೊಂಬತ್ತು ನಿಮಿಷ ನಿಂತರೂ ಗ್ಲೌಸಿಗೆ ಮಣ್ಣಾಗದವರು.
ನಾನು ಗುರುತು ಮಾಡಿಟ್ಟವನು
ಈ ವರ್ಷವಷ್ಟೇ ಮೇಲಕ್ಕೆ ಬಂದ ಬಡ ತಂಡದವನು.
ಅವನ ಮುಂದಿನ ನಾಲ್ವರೂ ತೂತು ಮೊರ.
ವಾರಕ್ಕೆ ಏಳೆಂಟು ಹೊಡೆತ ನೇರ ಎದೆಗೆ.
ಮೂರು ತಡೆದರೆ ಒಂದು ಅಂಕ,
ಸೋತರೂ ಅದು ಖಾತೆಗೆ ಬೀಳುತ್ತೆ.
ನಮಗೆ ಹಾಗೆ ಬೀಳುತ್ತಿರಲಿಲ್ಲ.
ಐದು ಗೋಲಿನಿಂದ ಸೋತ ದಿನ ನಾನು ಹದಿನೇಳು ತಡೆದಿದ್ದೆ,
ಬೋರ್ಡಿನ ಮೇಲೆ ಐದೇ ಇತ್ತು.

ಕಳೆದ ವರ್ಷ ಕೊನೆಯ ಸ್ಥಾನ ನನ್ನದೇ,
ಎಲ್ಲರಿಗೂ ಬಿರಿಯಾನಿ ನನ್ನ ಲೆಕ್ಕದಲ್ಲಿ,
ಆದ್ದರಿಂದ ಇದನ್ನೆಲ್ಲ ಜಾಣತನ ಅಂತ ಯಾರೂ ನಂಬಬೇಡಿ.

ನೂರ ಇಪ್ಪತ್ತನೇ ಹೆಸರು. ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು.
ಹೇಳಿದೆ.
ಇನಾಯತ್ ಪೆನ್ನು ತಡೆದ.
‘ಯಾರು? ಕಾಗುಣಿತ ಹೇಳು.’
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.
ಕೇಳಿಸಲಿಲ್ಲ ಅಂದ.
ಇನ್ನೊಂದು ಸಲ, ಹೊರಗೆ ಬತ್ತಿ ಹೊಸೆಯುತ್ತಿದ್ದವರೂ ತಿರುಗಿ ನೋಡುವ ಹಾಗೆ,
ಕೂಗಿದೆ.